ಬೋಟ್ ಕೆಲಸಕ್ಕೆ ಹೊರಟ ತಮ್ಮನಿಗೆ ಕರೆಂಟಿನ ಬಗ್ಗೆ ಏನು ಹೇಳಿ ಕಳಿಸಲಿ?

ಬೀಳಗಿಯಿಂದ ಪ್ರಶ್ನೆ:
ನನ್ನ ತಮ್ಮ ಐಟಿಐ ಎಲೆಕ್ಟ್ರಿಷಿಯನ್ ಮುಗಿಸಿದ್ದಾನೆ. ಆಗಸ್ಟ್ 1ಕ್ಕೆ ಮೀನುಗಾರಿಕೆ ಮತ್ತೆ ಶುರುವಾದಾಗ ಮಲ್ಪೆಯಲ್ಲಿ ಟ್ರಾಲ್ ಬೋಟ್ ಹತ್ತುತ್ತಾನೆ. ಆಲಮಟ್ಟಿ ಹಿನ್ನೀರಿನಲ್ಲಿ ಈಜಿ ಬೆಳೆದವನು, ನೀರಿನ ಭಯ ನನಗಿಲ್ಲ. ಆದರೆ ಬೋಟಿನಲ್ಲಿ ಕರೆಂಟ್ ಹೊಡೆಯುತ್ತೆ ಅಂತ ಕೇಳಿದಾಗಿನಿಂದ ನಿದ್ದೆ ಇಲ್ಲ. ಬೋಟಿಗೆ ಹೋಗಿ ಬಂದವರು ದಯವಿಟ್ಟು ಹೇಳಿ.

ಬಾಗಲಕೋಟೆಯಿಂದ:
ಅಕ್ಕಾ, ನಾನು ಏಳು ವರ್ಷ ಬೋಟಿನಲ್ಲಿದ್ದೆ. ನಿಮ್ಮ ಭಯ ಸರಿಯಾಗೇ ಇದೆ.

ಒಂದು ರಾತ್ರಿ ಮೀನು-ಐಸ್ ತುಂಬುವ ಕೆಳಗಿನ ಖಾನೆಗೆ ಇಳಿದಿದ್ದೆ. ಬರಿಗಾಲು, ಮೈಯೆಲ್ಲ ಉಪ್ಪುನೀರು. ಕೈಯಲ್ಲಿ ಇನ್ವರ್ಟರ್‌ನಿಂದ ಎಳೆದ 230 ವೋಲ್ಟಿನ ಲ್ಯಾಂಪು. ವೈರಿನ ಜಾಯಿಂಟಿಗೆ ಸುತ್ತಿದ್ದ ಟೇಪು ನೆನೆದು ಬಿಟ್ಟುಕೊಂಡಿತ್ತು. ಅಂಗೈಯಲ್ಲಿ ಇರುವೆ ಹರಿದ ಹಾಗೆ ಜುಮ್ ಅಂತು. ಹೇಳಿದರೆ, 'ಬೋಟಲ್ಲಿ ಇದೆಲ್ಲ ಇದ್ದದ್ದೇ' ಅಂದರು. ನಾನೂ ಸುಮ್ನಾದೆ. ನಾಲ್ಕನೇ ದಿನ ಅದೇ ಲ್ಯಾಂಪು ಜೊತೆಗಾರನ ಕೈ ಹಿಡಿದುಬಿಟ್ಟಿತು. ಬಿಡಬೇಕು ಅಂದರೂ ಬೆರಳು ಬಿಚ್ಚಲಿಲ್ಲ. ಮೇಲಿದ್ದವನು ಪ್ಲಗ್ ಕಿತ್ತಿದ್ದಕ್ಕೆ ಉಳಿದ. ಅಂಗೈಯ ಸುಟ್ಟ ಗೆರೆ ಇವತ್ತಿಗೂ ಇದೆ. ನಾನು ಸುಮ್ನಿದ್ದದ್ದು ತಪ್ಪು, ಅಕ್ಕಾ. ಜುಮ್ ಅಂದ ಸಾಮಾನನ್ನು ಆ ಗಳಿಗೆಯಲ್ಲೇ ಬಂದ್ ಮಾಡಿಸಲು ಹೇಳಿ, ತಾಂಡೇಲರು (ಬೋಟ್ ನಡೆಸುವವರು) ಬೈದರೂ ಸರಿ. ಖಾನೆಗೆ 24 ವೋಲ್ಟ್ ಬ್ಯಾಟರಿ ಲೈನಿನ ಲ್ಯಾಂಪೇ ಸಾಕು.

ಹಾಗಂತ ಬ್ಯಾಟರಿ ಸಾಧು ಅಲ್ಲ. ಪಾನಾ ಎರಡೂ ಟರ್ಮಿನಲ್‌ಗೆ ತಾಗಿದರೆ ಕೆಂಪಗೆ ಕಾಯುತ್ತೆ, ಪಕ್ಕದಲ್ಲೇ ಡೀಸೆಲ್. ಬಿಚ್ಚುವಾಗ ಮೊದಲು ನೆಗೆಟಿವ್, ಹಾಕುವಾಗ ಅದು ಕೊನೆಗೆ. ಉಂಗುರ, ಕಡಗ ತೆಗೆದಿಡಲಿ. ಚಾರ್ಜ್ ಆಗುವಾಗ ಹೈಡ್ರೋಜನ್ ಬರುತ್ತೆ, ಹತ್ತಿರ ಬೀಡಿ ಬೇಡ.

ಮುಧೋಳದಿಂದ:
ನನ್ನದು ಮೋಟರ್ ವೈಂಡಿಂಗ್ ಅಂಗಡಿ. ಇನ್ವರ್ಟರ್ ಆದಮೇಲೆ 30 ಮಿಲಿಆಂಪಿನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನೇ ಟ್ರಿಪ್ ಆಗಿ ಲೈನ್ ಬಂದ್ ಮಾಡುವ ಸ್ವಿಚ್, ಇದೆಯಾ ಅಂತ ತಮ್ಮ ನೋಡಲಿ. ಇದ್ದರೂ ಪೂರ್ತಿ ನಂಬಬಾರದು. ಇನ್ವರ್ಟರಿನ ನ್ಯೂಟ್ರಲ್ ಬೋಟಿನ ಅರ್ತ್‌ಗೆ ಸೇರಿಲ್ಲದಿದ್ದರೆ ಒಬ್ಬನಿಗೆ ಶಾಕ್ ಹೊಡೆದರೂ ಅದು ಟ್ರಿಪ್ ಆಗದೇ ಇರಬಹುದು. ಟೆಸ್ಟ್ ಬಟನ್ ಒತ್ತಿದರೆ ಒಳಗಿನ ಯಂತ್ರ ಮಾತ್ರ ಗೊತ್ತಾಗುತ್ತೆ, ಈ ಕೊರತೆ ಗೊತ್ತಾಗಲ್ಲ. ಐಟಿಐ ಹುಡುಗ, ಅವನಿಗೆ ಅರ್ಥವಾಗುತ್ತೆ. ಜಾಯಿಂಟಿಗೆ ಬರೀ ಟೇಪು ಬೇಡ, ಒಳಗೆ ಅಂಟು ಸವರಿರುವ ಹೀಟ್ ಶ್ರಿಂಕ್ ಸ್ಲೀವ್ (ಬಿಸಿ ಮಾಡಿದರೆ ಬಿಗಿಯಾಗಿ ಕೂರುವ ಕೊಳವೆ) ಹಾಕಲಿ.

ಕೊಲ್ಹಾರದಿಂದ:
ನಾವು ಇಲ್ಲೇ ಹಿನ್ನೀರಿನಲ್ಲಿ ಬಲೆ ಹಾಕುವವರು. ದಡದ ಪಂಪ್‌ಸೆಟ್ ಕೇಬಲ್ ನೀರಲ್ಲಿ ಕಂಡರೆ ದೂರದಿಂದಲೇ ಸುತ್ತಿ ಹೋಗುತ್ತೇವೆ. ಶಾಕ್ ಹೊಡೆದವರನ್ನು ಮಾತ್ರ ಕೈಯಿಂದ ಎಳೆಯಬೇಡಿ, ಮೊದಲು ಕರೆಂಟ್ ಬಂದ್ ಮಾಡಿ. ಉಸಿರಿಲ್ಲದಿದ್ದರೆ ಎದೆ ನಡುವೆ 30 ಸಲ ಜೋರಾಗಿ ಒತ್ತಿ, 2 ಸಲ ಬಾಯಿಗೆ ಉಸಿರು. ಒತ್ತುವುದು ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ. ಹೋಗುವ ಮುಂಚೆ ತಮ್ಮ ಇದನ್ನು ಕಲಿತುಕೊಳ್ಳಲಿ.

ಬೀಳಗಿಯಿಂದ:
ಎಲ್ಲರಿಗೂ ಕೈ ಮುಗಿಯುತ್ತೇನೆ. ತಮ್ಮನಿಗೆ ಪೂರ್ತಿ ಓದಿ ಹೇಳಿದೆ. ಜೂನ್-ಜುಲೈ ರಜೆಯಲ್ಲಿ ರಿಪೇರಿಗೂ ಕರೆಯುತ್ತಾರಂತೆ, ವೆಲ್ಡಿಂಗ್ ಇರುತ್ತಂತೆ. ಅದು ಹೇಗೆ?

ಬಾಗಲಕೋಟೆಯಿಂದ:
ಮಳೆಯಲ್ಲಿ ಒದ್ದೆ ಕಬ್ಬಿಣದ ಮೇಲೆ ಕೂತು ವೆಲ್ಡಿಂಗ್ ಮಾಡುವುದು ಸಮುದ್ರಕ್ಕಿಂತ ಜಾಸ್ತಿ ಅಪಾಯ. ಒಣ ಹಲಗೆ ಹಾಕಿಕೊಂಡು ಕೂರಲಿ. ಕೈಗವಸು ಬೆವರಿಗೆ ನೆನೆದರೆ ಬದಲಿಸಲಿ, ಎರಡು ಜೊತೆ ಇಲ್ಲಿಂದಲೇ ಕೊಟ್ಟು ಕಳಿಸಿ.