ಜಾಸ್ತಿ ದಿನ ತೇಲಿದರೆ ಜಾಸ್ತಿ ದೂರ ಹೋಗುತ್ತವಾ?

ಪ್ರಶ್ನೆ: ಮೇಡಂ, ಏಡಿ, ಹವಳ, ಎಷ್ಟೋ ಮೀನುಗಳು ಲಾರ್ವಾ (ಮೊಟ್ಟೆಯಿಂದ ಬಂದ ಎಳೆ ಮರಿ) ಆಗಿದ್ದಾಗ ನೀರಲ್ಲಿ ತೇಲುತ್ತಾ ಬೆಳೆಯುತ್ತವೆ ಅಂತ ಓದಿದೆ. ಅಂದರೆ ಪ್ರವಾಹ ಎಳೆದ ಕಡೆ ಹೋಗಿಬಿಡುತ್ತವೆ ಅಲ್ವಾ? ಇಷ್ಟು ದಿನ ತೇಲಿದರೆ ಇಷ್ಟು ದೂರ ಅಂತ ಲೆಕ್ಕ ಹಾಕಬಹುದಾ?

ಉತ್ತರ (ಸಮುದ್ರ ಜೀವಿಗಳ ಸಂಶೋಧಕಿ): ಎರಡು ತುದಿಗಳಲ್ಲಿ ಈ ಲೆಕ್ಕ ಸರಿ. ಸೀ ಸ್ಕ್ವರ್ಟ್ ಅಂತ ಬಂಡೆಗೆ ಅಂಟಿಕೊಂಡು ಬದುಕುವ ಒಂದು ಸಮುದ್ರ ಜೀವಿ ಇದೆ; ಅದರ ಲಾರ್ವಾ ಏನೂ ತಿನ್ನುವುದಿಲ್ಲ, ಕೆಲವು ನಿಮಿಷಗಳಲ್ಲೋ ಗಂಟೆಗಳಲ್ಲೋ ಎಲ್ಲಾದರೂ ಅಂಟಿಕೊಳ್ಳುತ್ತದೆ, ಹಾಗಾಗಿ ಹುಟ್ಟಿದ ಜಾಗದ ಹತ್ತಿರವೇ ಉಳಿಯುತ್ತದೆ. ಯುರೋಪಿನ ಈಲ್ ಮೀನಿನ ಲಾರ್ವಾ ಅಟ್ಲಾಂಟಿಕ್‌ನ ಪಶ್ಚಿಮ ಭಾಗದ ಸಾರ್ಗಾಸೊ ಸಮುದ್ರದಿಂದ ಹೊರಟು ಬಹಳ ಕಾಲ ತೇಲಿ ಇಡೀ ಅಟ್ಲಾಂಟಿಕ್ ದಾಟುತ್ತದೆ.

ನಡುವಿನವುಗಳಲ್ಲಿ ಲೆಕ್ಕ ಕೈಕೊಡುತ್ತದೆ. ಆಸ್ಟ್ರೇಲಿಯಾದ ಲಿಜರ್ಡ್ ದ್ವೀಪದಲ್ಲಿ ಡ್ಯಾಮ್ಸೆಲ್ ಎಂಬ ಹವಳದ ದಿಬ್ಬದ ಪುಟ್ಟ ಮೀನಿನ ಒಂದು ಕೋಟಿಗೂ ಹೆಚ್ಚು ಮೊಟ್ಟೆಗಳಿಗೆ ಟೆಟ್ರಾಸೈಕ್ಲಿನ್ ಎಂಬ ಆ್ಯಂಟಿಬಯೋಟಿಕ್ ಔಷಧಿ ಕೊಟ್ಟು, ಒಳಗಿನ ಮರಿಯ ಕಿವಿಕಲ್ಲಿನಲ್ಲಿ (ಮೀನಿನ ಕಿವಿಯೊಳಗಿನ ಪುಟ್ಟ ಕಲ್ಲು) ಗುರುತು ಮೂಡುವಂತೆ ಮಾಡಿದರು. ಈ ಮೀನಿನ ಲಾರ್ವಾ ವಾರಗಟ್ಟಲೆ ತೇಲುತ್ತದೆ. ಆಮೇಲೆ ಹವಳದ ದಿಬ್ಬಕ್ಕೆ ಬಂದ ಸುಮಾರು 5,000 ಮರಿಗಳನ್ನು ಹಿಡಿದು ನೋಡಿದರೆ 15ರಲ್ಲಿ ಆ ಗುರುತು ಇತ್ತು! ಕಮ್ಮಿ ಅನ್ನಿಸಬಹುದು, ಆದರೆ ಗುರುತು ಹಾಕಿದ್ದು ಅಲ್ಲಿನ ಮೊಟ್ಟೆಗಳಲ್ಲಿ ತೀರಾ ಸಣ್ಣ ಪಾಲಿಗೆ ಮಾತ್ರ. ಅದನ್ನೂ ಸೇರಿಸಿ ಲೆಕ್ಕ ಹಾಕಿದಾಗ, ನೆಲೆಯೂರಿದ ಮರಿಗಳಲ್ಲಿ ಶೇ 15ರಿಂದ 60ರಷ್ಟು ಅಲ್ಲೇ ಹುಟ್ಟಿದವು ಅಂತ ಬಂತು. 1999ರಲ್ಲಿ ಇದು ಪ್ರಕಟವಾಯಿತು. ನನಗೆ ಇವತ್ತಿಗೂ ತುಂಬಾ ಇಷ್ಟವಾದ ಪ್ರಯೋಗ.

ಪ್ರಶ್ನೆ: ಅಷ್ಟು ಪುಟ್ಟ ಜೀವ ಪ್ರವಾಹದ ಎದುರು ಈಜುತ್ತದಾ?

ಉತ್ತರ: ಬಹಳಷ್ಟಕ್ಕೆ ಅದು ಸಾಧ್ಯವಿಲ್ಲ. ಆದರೆ ಮೇಲೆ ಕೆಳಗೆ ಹೋಗಬಲ್ಲವು, ಅಷ್ಟು ಸಾಕು, ಯಾಕೆಂದರೆ ಮೇಲಿನ ನೀರು ಒಂದು ಕಡೆ ಹರಿಯುವಾಗ ಕೆಳಗಿನ ನೀರು ಇನ್ನೊಂದು ಕಡೆ ಹರಿಯುತ್ತಿರಬಹುದು. ಅಳಿವೆಗೆ ಮರಳುವ ಕೆಲವು ಏಡಿಗಳ ಕೊನೆಯ ಹಂತದ ಲಾರ್ವಾ ನೋಡಿ: ರಾತ್ರಿ ಉಬ್ಬರದ ನೀರು ಒಳಗೆ ನುಗ್ಗುವಾಗ ಮೇಲೇರುತ್ತದೆ, ಇಳಿತ ಶುರುವಾದರೆ ತಳಕ್ಕೆ ಹೋಗಿ ಕೂರುತ್ತದೆ, ಮತ್ತೆ ಉಬ್ಬರ ಬಂದಾಗ ಏಳುತ್ತದೆ. ಹೀಗೇ ಒಳಗೆ ಬಂದುಬಿಡುತ್ತದೆ. ಹವಳದ ದಿಬ್ಬದ ಮೀನುಗಳ ಲಾರ್ವಾ ಮಾತ್ರ ಕೊನೆಕೊನೆಗೆ ಚೆನ್ನಾಗಿಯೇ ಈಜುತ್ತವೆ, ದಿಬ್ಬದ ಸದ್ದು, ವಾಸನೆ ಹಿಡಿದು ಬರುತ್ತವೆ. ದಡಕ್ಕೆ ತೀರಾ ಹತ್ತಿರ ನೀರು ನಿಧಾನವಾಗಿ ಹರಿಯುವುದೂ ಅಲ್ಲೇ ಉಳಿಯಲು ಸಹಾಯ ಮಾಡುತ್ತದೆ.

ಪ್ರಶ್ನೆ: ವಾಪಸ್ ಬರೋದೇ ಆದರೆ ತೇಲಿ ಹೋಗೋದು ಯಾಕೆ?

ಉತ್ತರ: ದೂರ ಹೋಗುವುದೇ ಉದ್ದೇಶ ಅಂದುಕೊಳ್ಳಬೇಡಿ. ಪುಟ್ಟ ಲಾರ್ವಾಗೆ ಬೇಕಾದ ಸೂಕ್ಷ್ಮ ಆಹಾರ ಮೇಲ್ನೀರಿನಲ್ಲಿದೆ, ತಳದಲ್ಲಿ ಬಾಯಿ ತೆರೆದು ಕಾಯುವವರು ಜಾಸ್ತಿ. ದೂರ ಹೋಗುವುದು ಎಷ್ಟೋ ಸಲ ಇದರ ಜೊತೆಗೇ ಬರುವ ಪರಿಣಾಮ ಅಂತ ನಾನು ನಂಬುತ್ತೇನೆ. ನೀರು ತಣ್ಣಗಿದ್ದರೆ ಲಾರ್ವಾ ನಿಧಾನವಾಗಿ ಬೆಳೆಯುತ್ತದೆ, ಜಾಸ್ತಿ ದಿನ ತೇಲುತ್ತದೆ. ಅಷ್ಟು ದಿನ ಬೇರೆಯವರ ಬಾಯಿಗೆ ಬೀಳುವ ಅಪಾಯವೂ ಇದ್ದೇ ಇರುತ್ತದೆ, ಬಹುಪಾಲು ಲಾರ್ವಾಗಳು ನೆಲೆಯೂರುವ ಮೊದಲೇ ಸಾಯುತ್ತವೆ.