ಗಾಳಕ್ಕೆ ಬಿದ್ದ ಫಾರ್ವರ್ಡ್

ಬೆಳಿಗ್ಗೆ ಫ್ಯಾಮಿಲಿ ಗ್ರೂಪಿಗೆ ದೊಡ್ಡಪ್ಪ ಒಂದು ಫೋಟೊ ಹಾಕಿದರು. ಗರಿ ಕಟ್ಟಿದ ಗಾಳ, ಪಕ್ಕದಲ್ಲಿ ಮೇಣ ಹಚ್ಚಿದಂತೆ ಹೊಳೆಯುವ ಹಳದಿ ಚುಕ್ಕೆ. ಕೆಳಗೆ ಹೀಗಿತ್ತು: “ನಮ್ಮ ಪಶ್ಚಿಮ ಘಟ್ಟದ ಕಾಡುಕೋಳಿ ಗರಿ ಇಲ್ಲದಿದ್ದರೆ ಅಮೆರಿಕದ ಸ್ಟೀಲ್‌ಹೆಡ್ ಮೀನು ಗಾಳ ಕಚ್ಚುವುದೇ ಇಲ್ಲ! ಹತ್ತು ಜನಕ್ಕೆ ಕಳಿಸಿ.”

ಹೆಬ್ಬೆರಳುಗಳು ಸಾಲಾಗಿ ಬಂದವು. ಓದಿದವರು ಯಾರೂ ಇದ್ದಂತಿರಲಿಲ್ಲ.

ಸುನಿ (ಪೋರ್ಟ್‌ಲ್ಯಾಂಡ್): ಇದನ್ನು ಯಾರು ಹೇಳಿದ್ದು ದೊಡ್ಡಪ್ಪ? ಫ್ಲೈ ಅಂದರೆ ಗರಿ, ಕೂದಲು ಕಟ್ಟಿದ ಇಂಥ ಗಾಳ, ಅದನ್ನು ನಾನೇ ಮನೆಯಲ್ಲಿ ಕಟ್ಟುತ್ತೇನೆ. ಗ್ರೀನ್ ಬಟ್ ಸ್ಕಂಕ್ ಅಂತ ಒಂದಿದೆ. ಕೆಂಪು ಬಾಲ, ಅದರ ಮುಂದೆ ಒಂದೆರಡು ಸುತ್ತು ಹಸಿರು, ಆಮೇಲೆ ಕಪ್ಪು ಮೈ, ಅದರ ಮೇಲೆ ಬೆಳ್ಳಿ ಜರಿ, ಕತ್ತಿಗೆ ಕಪ್ಪು ಕೋಳಿಗರಿ, ಬಿಳಿ ಕೂದಲಿನ ರೆಕ್ಕೆ. ಮುಗೀತು. ಕಾಡುಕೋಳಿ ಗರಿ ಕೆಲವರು ಅಂದಕ್ಕೆ ಕಟ್ಟುತ್ತಾರೆ, ಅಷ್ಟೇ.

ದೊಡ್ಡಪ್ಪ: ಹಿರಿಯರು ಏನು ಹಾಕಿದರೂ ನಿನಗೆ ಪುರಾವೆ ಬೇಕು. ಅರಿಶಿನದ ಮೆಸೇಜಿಗೂ ಹೀಗೇ ಅಂದಿದ್ದೆ.

ಸುಧಾ ಅತ್ತೆ: ಹಿಡಿದ ಮೀನು ಏನು ಮಾಡ್ತೀಯ ಸುನಿ? ಸಾರಾ, ಫ್ರೈಯಾ?

ಸುನಿ: ಹೊಳೆಯಲ್ಲೇ ಹುಟ್ಟಿದ್ದಾದರೆ ವಾಪಸ್ ನೀರಿಗೆ ಬಿಡಬೇಕು ಅತ್ತೆ. ಹ್ಯಾಚರಿಯಲ್ಲಿ ಸಾಕಿ ಬಿಟ್ಟ ಮೀನಿಗೆ ಬಾಲದ ಹತ್ತಿರದ ಪುಟ್ಟ ರೆಕ್ಕೆ ಕತ್ತರಿಸಿರುತ್ತಾರೆ, ಅದರಿಂದ ಗುರುತು ಸಿಗುತ್ತದೆ.

ಸುಧಾ ಅತ್ತೆ: ತಿನ್ನುವುದಿಲ್ಲ ಅಂದ ಮೇಲೆ ಸುಮ್ನೆ ಯಾಕೆ ಅದಕ್ಕೆ ಹಿಂಸೆ?

ಇಡೀ ದಿನದ ಒಳ್ಳೆಯ ಪ್ರಶ್ನೆ ಇದೊಂದೇ. ಸುನಿ ಇದಕ್ಕೆ ಉತ್ತರ ಕೊಡಲಿಲ್ಲ. ಬದಲಿಗೆ, ಸಮುದ್ರದಿಂದ ಹೊಳೆಗೆ ಮರಳಿದ ಸ್ಟೀಲ್‌ಹೆಡ್ ಹೆಚ್ಚೇನೂ ತಿನ್ನುವುದಿಲ್ಲ, ಆದರೂ ಕಣ್ಣೆದುರು ಹಾದದ್ದನ್ನು ಕಚ್ಚುತ್ತದೆ, ನೀರು ಬಗ್ಗಡವಾದರೆ ದೊಡ್ಡ ಫ್ಲೈ, ತಿಳಿಯಾದರೆ ಚಿಕ್ಕದು ಅಂತ ಉದ್ದಕ್ಕೆ ಬರೆದ.

ಮಂಜಣ್ಣ: ಗರಿಯೂ ಬೇಡ, ಜರಿಯೂ ಬೇಡ. ಕಾವೇರಿ ದಡದ ಭೀಮೇಶ್ವರಿಯಲ್ಲಿ ನಮ್ಮಪ್ಪ ರಾಗಿ ಉಂಡೆ ಸಿಕ್ಕಿಸಿ ಬಿಳಿಮೀನು ಹಿಡಿಯುತ್ತಿದ್ದರು. ಅವರ ಗಾಳದ ರಾಡು ಈಗ ಯಾರ ಮನೆಯಲ್ಲಿದೆ ಅಂತ ನಾನು ಹೇಳುವುದಿಲ್ಲ.

ದೊಡ್ಡಪ್ಪ: ಹೇಳೇ ಬಿಡು ಮಂಜು. ಅದಕ್ಕೆ ದುಡ್ಡು ಕೊಟ್ಟವನು ನಾನು.

ಮಂಜಣ್ಣ: ರಸೀದಿ ಹಾಕಿ ದೊಡ್ಡಪ್ಪ.

ಸುನಿ: 😂 ಈಗ ಪುರಾವೆ ಕೇಳುತ್ತಿರುವುದು ನಾನಲ್ಲ!

ನಡುವೆ ನಾನೂ ಬಾಯಿ ಹಾಕಿದೆ. ಕಾಡುಕೋಳಿಗೆ ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ, ಆಸೆಗೆ ಬಿದ್ದು ಯಾರೂ ಗರಿ ಮಾರಲು ಹೋಗಬೇಡಿ ಅಂದೆ. ಒಂದು ಹೆಬ್ಬೆರಳೂ ಬರಲಿಲ್ಲ. ಎಲ್ಲರೂ ರಾಡಿನ ಹಿಂದೆ ಬಿದ್ದಿದ್ದರು.

ಕೊನೆಗೆ ಯಾವತ್ತೂ ಮಾತಾಡದ ದೊಡ್ಡಮ್ಮ ಟೈಪ್ ಮಾಡಿದರು.

ದೊಡ್ಡಮ್ಮ: ರಾಡು ಇಲ್ಲೇ ಇದೆ. ತುದಿಗೆ ಪೊರಕೆ ಕಟ್ಟಿ ಜೇಡರ ಬಲೆ ತೆಗೆಯುತ್ತಿದ್ದೇನೆ. ಹಬ್ಬ ಮುಗಿಯುವ ತನಕ ಯಾರಿಗೂ ಕೊಡುವುದಿಲ್ಲ.