ಶೋಧಗಂಗಾಕ್ಕೆ ಪ್ರಬಂಧ ಕೊಡುವ ಮುಂಚೆ: ಗ್ರಂಥಪಾಲಕರಿಗೆ ಪ್ರಶ್ನೆ

ಪ್ರಶ್ನೆ: ನಮಸ್ತೆ ಸರ್. ಕನ್ನಡದಲ್ಲಿ ಪಿಎಚ್.ಡಿ. ಮಾಡಿದ್ದೀನಿ, ವೈವಾ ಮುಗೀತು. ಲೈಬ್ರರಿಯವರು ಶೋಧಗಂಗಾಕ್ಕೆ (ದೇಶದ ಪಿಎಚ್.ಡಿ. ಪ್ರಬಂಧಗಳನ್ನ ಆನ್‌ಲೈನ್‌ನಲ್ಲಿ ಇಡೋ ಭಂಡಾರ) ಹಾಕೋಕೆ ಸಾಫ್ಟ್ ಕಾಪಿ ಕೇಳ್ತಿದ್ದಾರೆ. ಮುಂದೆ ಪುಸ್ತಕ ಮಾಡಿಸೋ ಆಸೆ ಇದೆ. ಆನ್‌ಲೈನ್ ಹಾಕಿದ್ರೆ ಯಾರಾದ್ರೂ ಕದಿಯಲ್ವಾ? ಕೊಡದೇ ಇರಬಹುದಾ?

ಉತ್ತರ: ಕೊಡಲೇಬೇಕು ಮೇಡಂ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2009ರ ನಿಯಮದಿಂದಲೇ ಇದು ಕಡ್ಡಾಯ. 2022ರ ನಿಯಮದ ಪ್ರಕಾರವಂತೂ ಪದವಿ ಘೋಷಣೆಗೆ ಮೊದಲೇ ವಿಶ್ವವಿದ್ಯಾಲಯ ಅದನ್ನ ಶೋಧಗಂಗಾ ನಡೆಸೋ, ಗುಜರಾತಿನ ಗಾಂಧಿನಗರದ ಇನ್‌ಫ್ಲಿಬ್‌ನೆಟ್‌ಗೆ ಕಳಿಸಬೇಕು. ಕಳ್ಳತನದ ಮಾತಿಗೆ ಬಂದ್ರೆ, ಬೀರುವಿನಲ್ಲಿ ಧೂಳು ತಿನ್ನೋ ಪ್ರಬಂಧದಿಂದ ಕದಿಯೋದೇ ಸುಲಭ, ಹಿಡಿಯೋರು ಯಾರೂ ಇರಲ್ಲ. ಪುಸ್ತಕದ ಯೋಚನೆ ಇದ್ರೆ, ಒಂದಷ್ಟು ಕಾಲ ಆನ್‌ಲೈನ್‌ನಲ್ಲಿ ಕಾಣದಂತೆ ತಡೆಹಿಡಿಯೋಕೆ ಆಗುತ್ತಾ ಅಂತ ಗೈಡ್ ಮೂಲಕ ಲಿಖಿತವಾಗಿ ಈಗಲೇ ಕೇಳಿ.

ನನಗೆ ಇದಕ್ಕಿಂತ ದೊಡ್ಡ ಚಿಂತೆ ಬೇರೆ. ಟೈಪ್ ಮಾಡಿಸಿದ್ದು ಯಾವುದರಲ್ಲಿ?

ಪ್ರಶ್ನೆ: ಡಿಟಿಪಿಯವರು ನುಡಿ ಸಾಫ್ಟ್‌ವೇರ್‌ನಲ್ಲಿ ಮಾಡಿಕೊಟ್ರು ಸರ್. ಪಿಡಿಎಫ್ ಚೆನ್ನಾಗೇ ಕಾಣುತ್ತೆ.

ಉತ್ತರ: ಕಾಣುತ್ತೆ, ಹುಡುಕಿದ್ರೆ ಸಿಗಲ್ಲ! ಪಿಡಿಎಫ್‌ನಿಂದ ‘ಕನ್ನಡ’ ಅನ್ನೋ ಪದ ಕಾಪಿ ಮಾಡಿ ವಾಟ್ಸಾಪ್‌ಗೆ ಹಾಕಿ ನೋಡಿ. ಇಂಗ್ಲಿಷಿನ ಪಿ, ಪೌಂಡ್ ಗುರುತು, ಕ್ಯೂ ಹೀಗೇನೋ ಬಂದ್ರೆ ಅದು ಹಳೇ ನುಡಿ ಫಾಂಟು, ಇಂಗ್ಲಿಷ್ ಅಕ್ಷರಗಳಿಗೆ ಕನ್ನಡದ ಆಕಾರ ತೊಡಿಸಿದ್ದು. ಗೂಗಲ್‌ಗೂ ಕೃತಿಚೌರ್ಯ ತಪಾಸಣೆಯ ಸಾಫ್ಟ್‌ವೇರ್‌ಗೂ ಕಾಣೋದು ಅದೇ. ಶೋಧಗಂಗಾದಲ್ಲಿ ಇಂಥ ಕನ್ನಡ ಪ್ರಬಂಧಗಳು ಎಷ್ಟೋ ಇವೆ: ಶೀರ್ಷಿಕೆ ಸಿಗುತ್ತೆ, ಒಳಗಿನ ಒಂದು ಸಾಲೂ ಸಿಗಲ್ಲ. ವರ್ಷಗಟ್ಟಲೆ ಕ್ಷೇತ್ರಕಾರ್ಯ ಮಾಡಿ ಹೀಗಾದ್ರೆ ಹೊಟ್ಟೆ ಉರಿಯುತ್ತೆ.

ಮೂಲ ವರ್ಡ್ ಫೈಲ್ ತಗೊಂಡು ಫಾಂಟ್ ಪರಿವರ್ತಕ ಸಾಫ್ಟ್‌ವೇರ್‌ನಲ್ಲಿ ಯೂನಿಕೋಡ್ (ಎಲ್ಲಾ ಕಂಪ್ಯೂಟರಿಗೂ ಕನ್ನಡ ಅಂತಲೇ ತಿಳಿಯೋ ಅಕ್ಷರ ಸಂಕೇತ) ಮಾಡಿಸಿ. ಆಮೇಲೆ ಅರ್ಕಾವತ್ತು, ಒತ್ತಕ್ಷರ, ಅಡಿಟಿಪ್ಪಣಿ ಕಣ್ಣಲ್ಲೇ ನೋಡ್ಬೇಕು, ಅಲ್ಲೇ ಎಡವೋದು. ನಡುವೆ ಇಂಗ್ಲಿಷ್ ಉಲ್ಲೇಖ ಇದ್ರೆ ಅವನ್ನೂ ಕನ್ನಡ ಅಂತ ತಿಳಿದು ಕಲಸಿಹಾಕುತ್ತೆ, ಜೋಪಾನ. ಪ್ರಿಂಟ್ ತೆಗೆದು ಸ್ಕ್ಯಾನ್ ಮಾಡಿ ಮಾತ್ರ ಕೊಡಬೇಡಿ. ಅಧ್ಯಾಯಕ್ಕೊಂದು ಪಿಡಿಎಫ್ ಮಾಡಿ, ಶೀರ್ಷಿಕೆ ಪುಟ, ಪ್ರಮಾಣಪತ್ರ, ಗ್ರಂಥಋಣ ಬೇರೆ ಬೇರೆ ಇಡಿ.

ಇನ್ನೊಬ್ಬರ ಪ್ರಶ್ನೆ: ನಮ್ಮ ಮೇಷ್ಟ್ರ ಟೈಪ್‌ರೈಟರ್ ಕಾಲದ ಪ್ರಬಂಧ ಆನ್‌ಲೈನ್‌ನಲ್ಲಿ ಇಲ್ಲವಲ್ಲ ಸರ್?

ಉತ್ತರ: 2009ಕ್ಕೆ ಹಿಂದಿನವನ್ನ ವಿಶ್ವವಿದ್ಯಾಲಯವೇ ಸ್ಕ್ಯಾನ್ ಮಾಡಿಸಿ ಏರಿಸಬೇಕು. ಕೆಲವು ಕಡೆ ಆಗಿದೆ, ಎಲ್ಲಾ ಕಡೆ ಅಲ್ಲ. ಮೇಷ್ಟ್ರ ಒಪ್ಪಿಗೆ ಪತ್ರ ಹಿಡಿದು ಗ್ರಂಥಪಾಲಕರನ್ನ ನೇರವಾಗಿ ಕಾಣಿ. ಅವರ ಮನೆಯಲ್ಲಿರೋ ಪ್ರತಿ ಚೆನ್ನಾಗಿದ್ರೆ ಅದನ್ನೂ ಒಯ್ಯಿರಿ, ಲೈಬ್ರರಿ ಪ್ರತಿಯಲ್ಲಿ ಕಾರ್ಬನ್ ಮಸುಕಾಗಿರುತ್ತೆ.